ಕನಸಿನಲ್ಲಿ ಕುಡಿದ ನೀರಿಗೆ ತೂಕವಿಲ್ಲ

ಕಿಡ್ನಿ ಕೈಕೊಟ್ಟವರಿಗೆಲ್ಲ ಬೀಳುವ ಕನಸು ಒಂದೇ. ನೀರು. ಕೆರೆಯೋ, ಬಾವಿಯೋ, ಬಸ್ ಸ್ಟ್ಯಾಂಡಿನ ನಲ್ಲಿಯೋ, ಯಾವುದಾದರೂ ಸರಿ, ಅದರಲ್ಲಿ ನೀರಿರಬೇಕು, ನಾವು ಕುಡಿಯುತ್ತಿರಬೇಕು. ಹಗಲೆಲ್ಲ ಅಳತೆಯ ಲೋಟದಲ್ಲಿ ಗುಟುಕು ಗುಟುಕು ಕುಡಿದ ನಾಲಿಗೆ ನಿದ್ದೆ ಹತ್ತಿದ ಕೂಡಲೇ ಹೊರಗೆ ತಿರುಗಲು ಹೊರಟುಬಿಡುತ್ತದೆ. ನನ್ನದು ಹೆಚ್ಚಾಗಿ ತವರಿಗೆ ಹೋಗುತ್ತಿತ್ತು, ಬೇಲೂರಿಗೆ. ಹಿತ್ತಲ ಬಾವಿಯ ರಾಟೆ ಕಿರ್ರೆನ್ನುತ್ತಿತ್ತು, ಕೊಡ ಮೇಲೆ ಬರುತ್ತಿತ್ತು, ನಾನು ಕೊಡಕ್ಕೇ ಬಾಯಿಟ್ಟು ಕುಡಿಯುತ್ತಿದ್ದೆ, ಕುಡಿದಷ್ಟೂ ಅದು ತುಂಬಿಯೇ ಇರುತ್ತಿತ್ತು. ಎದ್ದರೆ ತುಟಿ ಒಣಗಿ ಬಿರುಕು ಬಿಟ್ಟಿರುತ್ತಿತ್ತು. ಅಂಥ ಬೆಳಗುಗಳಲ್ಲಿ ನನ್ನನ್ನು ಯಾರೂ ಮಾತಾಡಿಸಬಾರದು.

ಮೊದಲೇ ನನಗೆ ಮೂಗಿನ ತುದಿಯಲ್ಲಿ ಕೋಪ. ಹಳೇಬೀಡಿನ ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳಿಕೊಂಡಿದ್ದವಳು ನಾನು. ಮಕ್ಕಳು ಬೆನ್ನ ಹಿಂದೆ ನನ್ನನ್ನು ಮೆಣಸಿನಕಾಯಿ ಮೇಡಂ ಅನ್ನುತ್ತಿದ್ದರು, ನಾನು ಕೇಳಿಸದವಳ ಹಾಗೆ ಇರುತ್ತಿದ್ದೆ. ಕಿಡ್ನಿ ಎರಡೂ ಕೆಲಸ ನಿಲ್ಲಿಸಿದಾಗ ವಾರಕ್ಕೆ ಮೂರು ಸಲ ಡಯಾಲಿಸಿಸ್ ಆಗಲೇಬೇಕು ಅಂದರು. ಬೇಲೂರಿನಲ್ಲಿ ಮಂಚ ಖಾಲಿ ಇರಲಿಲ್ಲ, ಅರಸೀಕೆರೆಯಲ್ಲಿ ಒಂದು ಖಾಲಿಯಾಗಿತ್ತು. ಅದು ಹೇಗೆ ಖಾಲಿಯಾಯಿತು ಎಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಮಂಗಳವಾರ, ಗುರುವಾರ, ಶನಿವಾರ ಬೆಳಗಿನ ಬಸ್ಸು ಹತ್ತಿ ಜಾವಗಲ್ ಮೇಲೆ ಹೋಗುವುದು ನನ್ನ ಹೊಸ ಟೈಂಟೇಬಲ್ ಆಯಿತು.

ಆ ಕೋಣೆಗೆ ಹಸಿರು ಪರದೆಗಳಿದ್ದವು. ರೈಲು ನಿಲ್ದಾಣ ಅಷ್ಟು ದೂರವಿರಲಿಲ್ಲ. ಗಾಡಿ ಹೊರಡುವ ಕೂಗು, ಯಾವ ಗಾಡಿ ಯಾವ ಪ್ಲಾಟ್‌ಫಾರಂಗೆ ಎಂದು ಹೇಳುವ ಹೆಂಗಸಿನ ದನಿ ಗಾಳಿ ಬೀಸಿದ ಹಾಗೆ ಬಂದು ಹೋಗುತ್ತಿದ್ದವು. ತೋಳಿಗೆ ಎರಡು ಸೂಜಿ ಚುಚ್ಚಿ, ರಕ್ತ ಒಂದು ನಳಿಕೆಯಲ್ಲಿ ಮಿಷನ್ನಿಗೆ ಹೋಗಿ ತೊಳೆದುಕೊಂಡು ಇನ್ನೊಂದರಲ್ಲಿ ವಾಪಸ್ಸು ಬರಲು ಶುರುವಾದರೆ, ನಾಲ್ಕು ಗಂಟೆ ನಾವು ಎಲ್ಲೂ ಹೋಗುವಂತಿಲ್ಲ. ಮೊದಲು ಚಳಿ ಹತ್ತುತ್ತದೆ, ಆಮೇಲೆ ಮಂಪರು. ಆ ಮಂಪರಿನಲ್ಲಿ ಹಳೇಬೀಡಿನ ಗುಡಿಯ ಗೋಡೆಯಿಂದ ಕಲ್ಲಿನ ಆನೆಗಳು ಒಂದೊಂದಾಗಿ ಇಳಿದು, ಸಾಲು ಕೆಡಿಸದೆ, ನನ್ನ ಮಂಚದ ಸುತ್ತ ನಡೆದು ಕೆರೆಯ ಕಡೆ ಹೋಗುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಅವು ನೀರಿಗಿಳಿದ ಸದ್ದು ಕೂಡ ಕೇಳುತ್ತಿತ್ತು. ಬಿಪಿ ಇಳಿದಿದೆ ಎಂದು ಸಿಸ್ಟರು ಕಾಲ ಕೆಳಗೆ ದಿಂಬು ಕೊಟ್ಟರೆ ಆನೆಗಳು ಗೋಡೆಗೆ ವಾಪಸ್ಸು.

ನನ್ನ ಪಕ್ಕದ ಮಂಚ ಗೌಡರದು. ಅಲ್ಲೇ ಹತ್ತಿರದ ಗಂಡಸಿ ಎಂಬ ಊರ ಕಡೆಯವರು. ಊರಲ್ಲಿ ತೆಂಗಿನ ತೋಟ, ಹೊಲ, ಎರಡು ಜೊತೆ ಎತ್ತು ಇದ್ದ ಕಾಲ ಕಂಡವರು. ಅರವತ್ತು ದಾಟಿದ ದೊಡ್ಡ ಆಳು, ದೊಡ್ಡ ಮೀಸೆ, ಅದಕ್ಕಿಂತ ದೊಡ್ಡ ಬಾಯಿ. ಮೊದಲ ದಿನ ನಾನು ಸೂಜಿ ನೋಡಿ ಮುಖ ತಿರುಗಿಸಿಕೊಂಡಿದ್ದಕ್ಕೆ, ಪರಿಚಯವೂ ಇಲ್ಲ, ಪತ್ರವೂ ಇಲ್ಲ, ಆ ಮಂಚದಿಂದಲೇ ಅಂದರು:

"ಎದ್ರುಕೋಬ್ಯಾಡ್ರಿ ಟೀಚರಮ್ಮ. ಇದೊಂದು ಎಮ್ಮೆ ಇದ್ದಂಗೆ. ಮೊದ್ಲು ಮೊದ್ಲು ಒದೀತದೆ. ಆಮೇಲೆ ನಾವು ಬಂದಿದ್ದು ವಾಸ್ನೇಲೇ ಗೊತ್ತಾಗ್ತದೆ ಅದುಕ್ಕೆ."

"ನಾನು ಟೀಚರ್ ಅಂತ ನಿಮಗೆ ಯಾರು ಹೇಳಿದ್ರು?"

"ಬಂದೋರೇ ಸಿಸ್ಟ್ರಮ್ಮನ ಕನ್ನಡ ತಿದ್ದಿದ್ರಲ್ಲಾ!"

ಕೋಣೆಯವರೆಲ್ಲ ನಕ್ಕರು. ನನಗೆ ಮೈ ಉರಿದುಹೋಯಿತು. ಆದರೆ ಆವತ್ತು ಸೂಜಿ ಚುಚ್ಚಿದ್ದು ನನಗೆ ಗೊತ್ತಾಗಲಿಲ್ಲ.

ಆ ಕೋಣೆಗೊಂದು ಪದ್ಧತಿ ಇತ್ತು. ಒಳಗೆ ಬಂದವರು ಮೊದಲು ತೂಕದ ಮಿಷನ್ನು ಹತ್ತಬೇಕು. ಕಳೆದ ಸಲಕ್ಕಿಂತ ಎಷ್ಟು ಹೆಚ್ಚಿದೆಯೋ ಅಷ್ಟೂ ನಾವು ಕುಡಿದ ನೀರು, ಹೊರಗೆ ಹೋಗದೆ ಒಳಗೇ ಕೂತದ್ದು. ಯಾರು ಕದ್ದು ಕುಡಿದಿದ್ದಾರೆ ಎಂದು ಎಲ್ಲರ ಎದುರಿಗೇ ಬಯಲಾಗುತ್ತಿತ್ತು. ಮಾನ ಹೋಗುವ ಆ ಗಳಿಗೆಗೆ ಗೌಡರು ಒಂದು ಉಪಾಯ ಮಾಡಿದ್ದರು. ತೂಕ ಹೆಚ್ಚು ಬಂದವರು ಆ ವಾರ ಕನಸಿನಲ್ಲಿ ಎಲ್ಲಿ ನೀರು ಕುಡಿದೆವು ಎಂದು ಹೇಳಬೇಕು. "ಕನಸಲ್ಲಿ ಕುಡ್ದಿದ್ದುಕ್ಕೆ ತೂಕ ಬರಾಕಿಲ್ಲ, ಬಿಟ್ಟಾಕಿ ಸಿಸ್ಟ್ರಮ್ಮ" ಎಂದು ಆಮೇಲೆ ಅವರೇ ತೀರ್ಪು ಕೊಡುವರು. ಹೀಗೆ ನಾವು ಮಲಗಿದಲ್ಲೇ ಒಬ್ಬರ ನೀರನ್ನು ಒಬ್ಬರು ಕುಡಿಯುತ್ತಿದ್ದೆವು. ನನ್ನ ಬೇಲೂರಿನ ಬಾವಿ ಅವರಿಗೆಲ್ಲ ಗೊತ್ತು. ಗೌಡರ ಊರ ಕಟ್ಟೆ ನನಗೆ ಎಷ್ಟು ಗೊತ್ತಾಯಿತೆಂದರೆ, ಅದರ ಏರಿಯ ಮೇಲಿನ ಹುಣಸೆಮರದ ನೆರಳು ಮಧ್ಯಾಹ್ನ ಎಲ್ಲಿಗೆ ಬರುತ್ತದೆ ಎಂದು ಈಗಲೂ ಹೇಳಬಲ್ಲೆ. ಆ ಊರನ್ನು ಆಗ ನಾನು ನೋಡಿಯೇ ಇರಲಿಲ್ಲ.

ಮಾತು, ಜಗಳ, ಮಂಪರು, ರೈಲಿನ ಕೂಗು. ಹೀಗೇ ಕಾಲ ಜಾರಿತು. ಗೌಡರು ಸುಮ್ಮನಾದದ್ದು ಯಾವ ದಿನದಿಂದ ಎಂದು ಕೇಳಿದರೆ ನನಗೆ ಗೊತ್ತಿಲ್ಲ. ಸುಮ್ಮನಾಗುವುದಕ್ಕೆ ಸದ್ದಿಲ್ಲವಲ್ಲ. ಒಂದು ಶನಿವಾರ ಅವರ ತೂಕ ತೀರಾ ಹೆಚ್ಚು ಬಂದಾಗ ನಾನೇ ಕೆಣಕಿದೆ.

"ಏನ್ ಗೌಡ್ರೇ, ಕಟ್ಟೆಯನ್ನೇ ಕುಡಿದು ಬಂದಿರೋ ಹಾಗಿದೆ?"

"ಕನ್ಸೇ ಬೀಳಾಕಿಲ್ಲ ಈಗ" ಅಂದರು. ಅಷ್ಟೇ. ಮುಖವನ್ನು ಗೋಡೆಯ ಕಡೆ ಮಾಡಿಕೊಂಡರು.

ಗೌಡರ ಹೆಂಡತಿ ಪ್ರತಿ ಸಲ ಜೊತೆಗೆ ಬರುತ್ತಿದ್ದಳು. ಹೊರಗಿನ ಬೆಂಚಿನ ಮೇಲೆ ಮಡಿಲಲ್ಲಿ ಬ್ಯಾಗು ಇಟ್ಟುಕೊಂಡು ಕೂತಿರುವ ಸಣ್ಣ ಜೀವ. ನನ್ನನ್ನು ಅಕ್ಕಾ ಅನ್ನುತ್ತಿದ್ದಳು. ನಾನು ಆಕೆಯನ್ನು ಕೇಳಿದೆ, ಯಾಕಮ್ಮ ಇವರು ಹೀಗಾದರು ಎಂದು. ಆಕೆಯ ಮುಖ ಅರಳಿತು.

"ಹೂಂ ಕಣಕ್ಕ, ಈಗೆಷ್ಟೋ ಪರವಾಗಿಲ್ಲ. ಮೊದ್ಲು ಎಲ್ಲಾದುಕ್ಕೂ ಬೈಯೋರು. ಸಾರು ಸಪ್ಪೆ ಅಂತ ತಟ್ಟೆ ತಳ್ಳೋರು. ಈಗ ಒಂದ್ ಮಾತಿಲ್ಲ. ಏನ್ ಕೊಟ್ರೂ ತಿಂತಾರೆ, ಏನ್ ಕೊಟ್ರೂ ಕುಡೀತಾರೆ. ಮಾಲೇಕಲ್ ತಿಮ್ಮಪ್ಪಂಗೆ ಹರಕೆ ಹೊತ್ತಿದ್ದೆ, ಅವರ ಮನ್ಸು ಶಾಂತ ಮಾಡಪ್ಪಾ ಅಂತ. ಮಾಡ್ದ ನೋಡಿ."

ನನಗೆ ಆ ಶಾಂತಿ ಹಿಡಿಸಲಿಲ್ಲ. ಕ್ಲಾಸಿನಲ್ಲಿ ಗಲಾಟೆ ಮಾಡುವ ಹುಡುಗ ಇದ್ದಕ್ಕಿದ್ದಂತೆ ಕೈಕಟ್ಟಿ ಕೂತರೆ ಹಣೆ ಮುಟ್ಟಿ ನೋಡಿ ಅಭ್ಯಾಸವಾದವಳು ನಾನು. ಆದರೆ ಯಾರಿಗೆ ಹೇಳುವುದು, ಏನೆಂದು ಹೇಳುವುದು? ಗಂಡ ಬೈಯುತ್ತಿಲ್ಲ ಎಂದು ದೂರು ಕೊಡಲು ಬರುತ್ತದೆಯೇ?

ಮುಂದಿನ ಮಂಗಳವಾರ ಗೌಡರನ್ನು ಮಂಚಕ್ಕೆ ಹತ್ತಿಸುವ ಮೊದಲೇ ಕೋಣೆ ಗಡಿಬಿಡಿಯಾಯಿತು. ಎದೆಬಡಿತ ತಪ್ಪುತ್ತಿದೆ ಅಂದರು. ಡಾಕ್ಟರು ಓಡಿಬಂದರು, ಇಂಜೆಕ್ಷನ್ನು ಕೊಟ್ಟರು, ಪರದೆ ಎಳೆದರು. ಪರದೆಯ ಸಂದಿಯಿಂದ ನನಗೆ ಅವರ ಮುಖ ಕಾಣುತ್ತಿತ್ತು. ಎಲ್ಲರೂ ಹೆದರಿದ್ದರು, ಅವರೊಬ್ಬರು ಮಾತ್ರ ಊಟವಾದ ಮೇಲೆ ಜಗಲಿಯಲ್ಲಿ ಒರಗಿದ ಹಾಗೆ ಮಲಗಿದ್ದರು.

"ಏನು ಕುಡಿದ್ರಿ ಹೇಳಿ ಯಜಮಾನ್ರೇ, ಬೇಗ ಹೇಳಿ" ಎಂದು ಸಿಸ್ಟರು ಕೇಳುತ್ತಿದ್ದರು.

"ಕೊಟ್ಟಿದ್ದು" ಅಂದರು ಗೌಡರು.

ಆವತ್ತು ಹೇಗೋ ಉಳಿದರು. ನನ್ನದು ಮುಗಿದು ಸೂಜಿ ತೆಗೆದ ಕೂಡಲೇ, ತಲೆ ತಿರುಗುತ್ತಿದ್ದರೂ ಗೋಡೆ ಹಿಡಿದುಕೊಂಡು ಹೊರಗೆ ಹೋಗಿ ಆಕೆಯ ಪಕ್ಕ ಕೂತೆ. ಏನಮ್ಮಾ ಕೊಟ್ಟೆ ಎಂದೆ.

"ಏನೂ ಇಲ್ಲ ಕಣಕ್ಕ. ಎಳ್ನೀರು."

ನಮ್ಮ ಸೀಮೆಯಲ್ಲಿ ಕಾಯಿಲೆಯವರನ್ನು ನೋಡಲು ಬರಿಗೈಲಿ ಯಾರೂ ಹೋಗುವುದಿಲ್ಲ. ಅರಸೀಕೆರೆ ತೆಂಗಿನ ನಾಡು, ಎಳನೀರಿಗಿಂತ ದೊಡ್ಡ ಪ್ರೀತಿ ಇಲ್ಲಿಲ್ಲ. ಬಂದ ನೆಂಟ ತನ್ನ ತೋಟದ್ದೇ ಒಳ್ಳೆಯ ಗೊನೆ ಇಳಿಸಿ ತರುತ್ತಾನೆ, ತಾನೇ ಕೆತ್ತಿ ಕೈಗೆ ಕೊಡುತ್ತಾನೆ, ಕುಡಿಯುವವರೆಗೆ ಎದುರು ಕೂತಿರುತ್ತಾನೆ. ಬೇಡ ಅಂದರೆ ಅವನ ಮುಖಕ್ಕೆ ಹೊಡೆದ ಹಾಗೆ. ಆದರೆ ಕಿಡ್ನಿ ಸತ್ತವರಿಗೆ ಎಳನೀರು ಆಗುವುದಿಲ್ಲ. ಅದರಲ್ಲಿರುವ ಲವಣ ಹೊರಗೆ ಹೋಗಲು ದಾರಿಯಿಲ್ಲದೆ ಎದೆಯ ಬಡಿತವನ್ನೇ ಕೆಡಿಸುತ್ತದೆ. ಇದನ್ನು ಮೊದಲ ದಿನವೇ ನಮಗೆಲ್ಲ ಹೇಳಿರುತ್ತಾರೆ, ಮನೆಯವರಿಗೂ ಹೇಳಿರುತ್ತಾರೆ.

"ವಿಷ ಕಣಮ್ಮ ಅದು ಅವರಿಗೆ! ಸಿಸ್ಟರು ಬಾಯಿ ಬಡ್ಕೊಂಡು ಹೇಳಿಲ್ವಾ?"

"ಬಿಡ್ತು ಅನ್ನಿ, ಬಿಡ್ತು ಅನ್ನಿ! ಎಳ್ನೀರ್‌ನ ವಿಷ ಅಂತಾರಾ? ಆ ಮಿಷನ್ನು ಮೈಯೆಲ್ಲ ಉಷ್ಣ ಮಾಡ್ತದೆ ಕಣಕ್ಕ, ಮುಟ್ಟಿದ್ರೆ ಸುಡ್ತದೆ. ತಂಪಿಗೆ ಅಂತ ಕೊಟ್ಟೆ. ಮೊದ್ಲು ಯಾರ್ ತಂದ್ರೂ ವಾಪಸ್ ಕಳ್ಸೋರು, 'ತಗೊಂಡೋಗಿ ಮರಕ್ಕೇ ಕಟ್ಲಾ' ಅಂತ ನಗಾಡೋರು. ಈಗ ಅವ್ರೇ ಕೈ ಚಾಚ್ತಾರಲ್ಲ, ಒಗ್ಗುತ್ತೇನೋ ಅಂದ್ಕಂಡೆ."

ಆಕೆಯನ್ನು ಇನ್ನೂ ನಾಲ್ಕು ಮಾತು ಬೈಯಬೇಕೆಂದಿದ್ದೆ, ಆಕೆಯ ಕೊನೆಯ ಮಾತು ತಡೆಯಿತು. ಗೌಡರೇ ಕೈ ಚಾಚುತ್ತಿದ್ದಾರೆ. ಗೊತ್ತಿಲ್ಲದೆ ಅಲ್ಲ, ಗೊತ್ತಿದ್ದೇ. ಹಗ್ಗವಿಲ್ಲ, ಬಾವಿಯಿಲ್ಲ, ಯಾರ ಮೇಲೂ ತಪ್ಪು ಬರದ ಹಾಗೆ, ಹೆಂಡತಿಯ ಕೈಯಿಂದಲೇ, ನೆಂಟರ ಪ್ರೀತಿಯಿಂದಲೇ ಹೊರಟುಹೋಗುವ ದಾರಿ ಹಿಡಿದಿದ್ದಾರೆ. ಬಸ್ಸಿನಲ್ಲಿ ಜಾವಗಲ್ ಬರುವವರೆಗೂ ಮನಸ್ಸಿನಲ್ಲೇ ಅವರ ಜೊತೆ ಜಗಳವಾಡಿದೆ. ಭಯಕ್ಕಿಂತ ಹೆಚ್ಚಾಗಿ ಸಿಟ್ಟು. ನನ್ನೊಬ್ಬಳನ್ನೇ ಬಿಟ್ಟು ಹೇಳದೆ ಕೇಳದೆ ಎದ್ದು ಹೋಗಲು ಹೊರಟಿದ್ದಾರಲ್ಲ, ಎಷ್ಟು ಧೈರ್ಯ ಈ ಮನುಷ್ಯನಿಗೆ!

ಮನಸ್ಸಿನ ಕಾಯಿಲೆಯ ಡಾಕ್ಟರೊಬ್ಬರು ಹಾಸನದಿಂದ ಮಂಗಳವಾರ ಮಂಗಳವಾರ ನಮ್ಮ ಆಸ್ಪತ್ರೆಗೇ ಬರುತ್ತಿದ್ದರು. ನಮ್ಮ ಕೋಣೆಗೂ ಅವರ ಕೋಣೆಗೂ ನಡುವೆ ಒಂದೇ ಗೋಡೆ. ಫಿಟ್ಸ್ ಬರುವ ಮಕ್ಕಳು, ನಿದ್ದೆ ಬಾರದ ಹೆಂಗಸರು, ಕುಡಿತ ಬಿಡಬೇಕೆಂದು ಹೆಂಡತಿ ಎಳೆದು ತಂದ ಗಂಡಸರು, ಎಲ್ಲರೂ ಆ ಬಾಗಿಲ ಮುಂದೆ ಸೆರಗು, ಟವಲ್ಲು ಮುಖಕ್ಕೆಳೆದುಕೊಂಡು ನಿಂತಿರುತ್ತಿದ್ದರು. ಜನ ಅವರನ್ನು ಹುಚ್ಚಿನ ಡಾಕ್ಟ್ರು ಅನ್ನುತ್ತಿದ್ದರು. ಅವರಿಗೂ ಬೇರೆ ತಾಲ್ಲೂಕುಗಳಿದ್ದವು, ಮಧ್ಯಾಹ್ನದ ಹೊತ್ತಿಗೆ ಹೊರಡುವರು. ನಮ್ಮನ್ನು ಮಿಷನ್ನಿನಿಂದ ಬಿಡಿಸುವುದೂ ಮಧ್ಯಾಹ್ನಕ್ಕೇ. ಹೀಗಾಗಿ ಗೋಡೆಯ ಆ ಕಡೆ ಅವರು, ಈ ಕಡೆ ನಾವು, ಒಂದು ಸಲವೂ ಮುಖಾಮುಖಿಯಾಗಿರಲಿಲ್ಲ.

ಆ ಡಾಕ್ಟರಿಗೆ ತೋರಿಸಿಕೊಳ್ಳಿ ಎಂದು ಗೌಡರಿಗೆ ಹೇಳಿದೆ. "ನಂಗೇನಾಗೈತೆ?" ಅಂದರು. ಅವರ ಹೆಂಡತಿಗೆ ಹೇಳಿದೆ. "ಗಂಡಸಿ ಜನ ದಿನಾ ಇಲ್ಲಿ ಓಡಾಡ್ತಾರೆ ಕಣಕ್ಕ, ಗೌಡ್ರು ಹುಚ್ಚಿನ ಡಾಕ್ಟ್ರು ತಾವ ನಿಂತಿದ್ರು ಅಂತ ನೋಡ್ದೋರು ಸುಮ್ನಿರ್ತಾರಾ?" ಎಂದು ಅತ್ತಳು. ಗೋರ್ಕಲ್ಲ ಮೇಲೆ ಮಳೆ ಸುರಿದಂತಾಯಿತು. ಕೊನೆಗೆ ನಾನೇ ಒಂದು ನಾಟಕ ಹೂಡಿದೆ. ಆ ಡಾಕ್ಟರನ್ನು ನನಗಾಗಿ ನನ್ನ ಮಂಚಕ್ಕೆ ಕರೆಸುವುದು, ಗೌಡರಿಗೆ ಕೇಳಿಸುವ ಹಾಗೆ ಅವರ ಕಷ್ಟವನ್ನೇ ನನ್ನದೆಂದು ಹೇಳುವುದು, ಡಾಕ್ಟರು ನನಗೆ ಹೇಳುವ ಸಮಾಧಾನ ಅವರ ಕಿವಿಗೆ ಬೀಳಲಿ ಎಂದು. ಶಾಲೆಯಲ್ಲಿ ಎಷ್ಟು ನಾಟಕ ಆಡಿಸಿಲ್ಲ ನಾನು! ಸಿಸ್ಟರ ಕೈಲಿ ಹೇಳಿಕಳಿಸಿದೆ.

ಬಂದವಳು ನನ್ನ ಶಿಷ್ಯೆಯರ ವಯಸ್ಸಿನ ಹುಡುಗಿ. ಸ್ಟೂಲು ಎಳೆದುಕೊಂಡು ಎರಡು ಮಂಚಗಳ ನಡುವೆ ಕೂತಳು. ಪರದೆ ಎಳೆಯಲು ಕೈ ಎತ್ತಿದಳು. "ಪರದೆ ಬೇಡಮ್ಮ, ನನಗೆ ಉಸಿರು ಕಟ್ಟುತ್ತೆ" ಎಂದು ಗಟ್ಟಿಯಾಗಿ ಹೇಳಿದೆ. ಆಮೇಲೆ ಬರೆದಿಟ್ಟುಕೊಂಡಂತೆ ಶುರುಮಾಡಿದೆ. ನಿದ್ದೆ ಬರುವುದಿಲ್ಲ, ಬಾಯಿಗೆ ರುಚಿಯಿಲ್ಲ, ಯಾರು ಬಂದರೂ ಅಷ್ಟೇ ಹೋದರೂ ಅಷ್ಟೇ, ಕನಸು ಕೂಡ ಬೀಳುವುದಿಲ್ಲ. ಓರೆಗಣ್ಣಿನಲ್ಲಿ ಗೌಡರ ಕಡೆ ನೋಡುತ್ತಿದ್ದೆ. ಅವರು ಕಣ್ಣು ಮುಚ್ಚಿದ್ದರು.

ಡಾಕ್ಟರು ಎಲ್ಲ ಕೇಳಿಸಿಕೊಂಡು, "ಮೇಡಂ, ಮನೇಲಿ ನಿಮ್ಮ ಜೊತೆ ಯಾರು ಜಗಳ ಆಡ್ತಾರೆ?" ಅಂದಳು.

ಇದು ನನ್ನ ನಾಟಕದಲ್ಲಿ ಇರಲಿಲ್ಲ.

"ಜಗಳಾನಾ? ನಮ್ಮ ಯಜಮಾನ್ರು. ಮೂವತ್ತು ವರ್ಷದಿಂದ ಆಡ್ತಿದಾರೆ. ಹಾಗಿರಬಾರದು, ಹೀಗಿರಬಾರದು, ಸಾರಿಗೆ ಉಪ್ಪು ಜಾಸ್ತಿ, ದನಿ ಜಾಸ್ತಿ..." ಎಂದು ಹೇಳುತ್ತಾ ಹೇಳುತ್ತಾ ನಿಂತುಬಿಟ್ಟೆ. ಯಾಕೆಂದರೆ ಅವರು ಆಡಿರಲಿಲ್ಲ. ನಾನು ಮಿಷನ್ನಿಗೆ ಬಿದ್ದ ದಿನದಿಂದ ಆ ಮನುಷ್ಯ ಒಂದು ಮಾತು ಎದುರಾಡಿರಲಿಲ್ಲ. ನಾನು ಕೂಗಿದರೆ ಆಯಿತು ಅನ್ನುತ್ತಿದ್ದರು. ತಟ್ಟೆ ಕುಕ್ಕಿದರೆ ಎತ್ತಿಡುತ್ತಿದ್ದರು. ಬಸ್ಸಿಗೆ ಬಿಡುವಾಗ ನಾನು ಗಾಜಿನ ಲೋಟವೆಂಬಂತೆ ತೋಳು ಹಿಡಿದು ಹತ್ತಿಸುತ್ತಿದ್ದರು. ಊರೇ ನನ್ನ ಜೊತೆ ಜಗಳ ಬಿಟ್ಟಿತ್ತು. ನಾನು ಗೋಡೆಗೆ ಬೈದುಕೊಂಡು ಬದುಕಿದ್ದೆ. ಅಯ್ಯೋ, ಬದುಕಿರುವಾಗಲೇ ನನ್ನನ್ನು ಕಳಿಸಿಕೊಟ್ಟಾಗಿದೆ ಅನ್ನಿಸಿತು. ಅಳು ಎಲ್ಲಿತ್ತೋ, ನುಗ್ಗಿ ಬಂತು. ಒಂದು ಕೈ ಸೂಜಿಗೆ ಕಟ್ಟಿತ್ತು, ಇನ್ನೊಂದರಲ್ಲಿ ಮುಖ ಮುಚ್ಚಿಕೊಳ್ಳಲು ಆಗದಷ್ಟು ಅತ್ತೆ. ತಾನೊಂದು ಬಗೆದರೆ ದೈವವೊಂದು ಬಗೆಯಿತು.

ಆಗ ಪಕ್ಕದ ಮಂಚದಿಂದ ದನಿ ಬಂತು.

"ಡಾಕ್ಟ್ರವ್ವಾ, ನಿದ್ದೆ ಬರಾಕಿಲ್ಲ ಅಂದ್ರಲ್ಲ, ಅದು ಸುಳ್ಳು. ಬಂದ್ ಅರ್ಧ ಗಂಟೆಗೇ ಗೊರ್ಕೆ ಹೊಡೀತಾರೆ. ಕನ್ಸು ಬೀಳಾಕಿಲ್ಲ ಅಂದಿದ್ದೂ ಸುಳ್ಳು, ಅದು ನನ್ ಮಾತು, ಕದ್ದವ್ರೆ. ಅಳೋದೊಂದು ದಿಟ. ದಿನಾ ಟವಲ್ಲು ಮುಸುಕು ಹಾಕ್ಕಂಡು ಅಳ್ತಾರೆ. ಮೊದ್ಲು ಅವ್ರುಗೆ ಔಸ್ತಿ ಕೊಡಿ."

ನಾನು ಅಳುವುದು ಯಾರಿಗೂ ಗೊತ್ತಿಲ್ಲವೆಂದುಕೊಂಡಿದ್ದೆ. ಗೋಡೆಗೆ ಮುಖ ಮಾಡಿ ಮಲಗಿದ ಮನುಷ್ಯ ಅಷ್ಟೂ ದಿನ ಕೇಳಿಸಿಕೊಂಡೇ ಮಲಗಿದ್ದರು. ಡಾಕ್ಟರು ಸ್ಟೂಲನ್ನು ಆ ಕಡೆ ತಿರುಗಿಸಿದಳು. "ನಿಮ್ಮ ಕನಸು ಎಲ್ಲಿ ಹೋಯ್ತು ಯಜಮಾನ್ರೇ?" ಅಂದಳು. ದೂರದಲ್ಲಿ ಯಾವುದೋ ಗಾಡಿ ತಡವಾಗಿ ಬರುತ್ತಿದೆ ಎಂದು ಆ ಹೆಂಗಸಿನ ದನಿ ಕ್ಷಮೆ ಕೇಳುತ್ತಿತ್ತು.

"ನಾನು ಹುಟ್ಟಿದಾಗಿಂದ ಯಾರ ಮನೇಲೂ ಬ್ಯಾಡ ಅಂದೋನಲ್ಲ ಕಣವ್ವಾ" ಎಂದು ಗೌಡರು ನಿಧಾನವಾಗಿ ಶುರುಮಾಡಿದರು. "ಬಡವ ಕರೀಲಿ, ಬಲ್ಲಿದ ಕರೀಲಿ, ಕೊಟ್ಟಿದ್ ಉಂಡು ಬತ್ತಿದ್ದೆ. ಈಗ ನೋಡು. ನೀರು ಬ್ಯಾಡ. ಎಳ್ನೀರು ಬ್ಯಾಡ. ಬಾಳೆಹಣ್ಣು ಬ್ಯಾಡ. ನೆಂಟರು ಬತ್ತಾರೆ, ಬ್ಯಾಡ. ಮದ್ವೆಗೆ ಕರೀತಾರೆ, ಬ್ಯಾಡ. ದಿನಾ ಬೆಳಗಿಂದ ಸಂಜೆಗಂಟ ಬ್ಯಾಡ ಅನ್ನೋದೇ ಕಸುಬಾಗೋಯ್ತು. ಅಂದೂ ಅಂದೂ ಒಂದಿನ ನಾನೇ ಬ್ಯಾಡ ಅನ್ನಿಸ್ಬಿಡ್ತು. ಆವತ್ತಿಂದ ಹಗೂರ ಆಯ್ತು. ಯಾರ್ ಏನ್ ಕೊಟ್ರೂ ಹೂಂ ಅಂದೆ."

ಬಾಗಿಲಲ್ಲಿ ಅವರ ಹೆಂಡತಿ ನಿಂತಿದ್ದಳು. ನನ್ನ ಅಳು ಕೇಳಿ ಒಳಗೆ ಬಂದವಳು. ಎಲ್ಲ ಕೇಳಿಸಿಕೊಂಡು ಅಲ್ಲೇ ಹೊಸ್ತಿಲ ಮೇಲೆ ಕುಸಿದಳು. "ಹಂಗಾರೆ ನನ್ ಕೈಯಿಂದ್ಲೇ ಇಸ್ಕಂಡು..." ಎಂದಳು. ಗೌಡರು ಆಕೆಯ ಕಡೆ ನೋಡಲಾರದೆ ಸೂರು ನೋಡುತ್ತಿದ್ದರು.

ಡಾಕ್ಟರು ಎದ್ದು ಹೋಗಿ ಆಕೆಯ ಪಕ್ಕ ನೆಲದ ಮೇಲೇ ಕೂತಳು. "ಅಮ್ಮಾ, ಇದು ಹುಚ್ಚಲ್ಲ. ಇವರ ಮನಸ್ಸಿಗೆ ಸುಸ್ತಾಗಿದೆ, ಅದಕ್ಕೆ ಮಾತ್ರೆ ಇದೆ, ಕಿಡ್ನಿ ಡಾಕ್ಟರ ಹತ್ರ ಮಾತಾಡಿ ಇವರ ಮೈಗೆ ಆಗೋ ಅಷ್ಟೇ ಕೊಡ್ತೀನಿ. ಗುಣ ಕಾಣೋಕೆ ಕೆಲವು ವಾರ ಹಿಡಿಯುತ್ತೆ. ಆದ್ರೆ ಒಂದು ಕೆಲಸ ಇವತ್ತಿಂದ್ಲೇ ನೀವು ಮಾಡ್ಬೇಕು. ಬೇಡ ಅನ್ನೋದನ್ನ ಇನ್ಮೇಲೆ ಇವರ ಬದಲು ನೀವು ಅನ್ಬೇಕು. ಇವರ ಕಿವಿಗೇ ಬೀಳಬಾರದು."

"ನೆಂಟರ ಮುಖಕ್ಕೆ ಹೆಂಗವ್ವಾ ಅನ್ನಾದು?"

"ಬಾಗಿಲಾಚೆ ನಿಂತು ಅನ್ನಿ."

ಮಾತ್ರೆ ವಿಷಯಕ್ಕೆ ಗೌಡರು ಪಟ್ಟು ಹಿಡಿದರು. ಟೀಚರಮ್ಮ ನುಂಗಿದರೆ ನಾನೂ ನುಂಗುತ್ತೇನೆ ಅಂದರು. ನನಗೆ ಯಾಕೆ ಮಾತ್ರೆ ಎಂದು ನಾನು ಎಗರಾಡಿದೆ. ಡಾಕ್ಟರು ನಕ್ಕು ಇಬ್ಬರಿಗೂ ಬರೆದಳು. ಆಮೇಲೆ ಪ್ರತಿ ಮಂಗಳವಾರ ತನ್ನ ಸಾಲು ಮುಗಿಸಿ, ಹೊರಡುವ ಮೊದಲು, ನಮ್ಮ ಕೋಣೆಗೆ ಬಂದು ಆ ಸ್ಟೂಲಿನ ಮೇಲೆ ಕೂತು ಹೋಗುವುದನ್ನು ರೂಢಿ ಮಾಡಿಕೊಂಡಳು. ಬರಬರುತ್ತಾ ಉಳಿದ ಮಂಚದವರೂ ಆಕೆಯನ್ನು ತಮ್ಮ ಕಡೆ ಕರೆಯತೊಡಗಿದರು.

ಮನೆಗೆ ಹೋಗಿ ಯಜಮಾನರಿಗೆ ಹೇಳಿದೆ. "ನನ್ನ ಜೊತೆ ಜಗಳ ಆಡದೆ ಇದ್ರೆ ನೋಡಿ, ಸುಮ್ನೆ ಬಿಡಲ್ಲ" ಎಂದೆ. ಅವರು ಪಾಪ, ಏನು ಮಾಡಬೇಕೆಂದು ತಿಳಿಯದೆ ತಬ್ಬಿಬ್ಬಾದರು. ಮಾರನೆಯ ಬೆಳಗ್ಗೆ ಚಟ್ನಿಗೆ ಹುಣಸೆಹಣ್ಣು ಜಾಸ್ತಿಯಾಯಿತು ಎಂದು ಮೆಲ್ಲಗೆ ಶುರುಮಾಡಿ, ಸಂಜೆಯ ಹೊತ್ತಿಗೆ ನನ್ನ ತಂಗಿಯ ಗಂಡನನ್ನು ಬೈಯುವವರೆಗೂ ಹೋದರು. ಆ ರಾತ್ರಿ ನನಗೆ ಒಳ್ಳೆಯ ನಿದ್ದೆ ಬಂತು.

ಗಂಡಸಿ ಕಡೆಯಲ್ಲಿ ಮಾತ್ರ ದೊಡ್ಡ ಸುದ್ದಿಯಾಯಿತು. ಗೌಡರ ಮನೆಯಲ್ಲಿ ಎಳನೀರನ್ನು ಗೇಟಿನಿಂದಲೇ ವಾಪಸ್ಸು ಕಳಿಸಿದರಂತೆ, ಆ ಹೆಂಗಸಿಗೆ ಎಷ್ಟು ಸೊಕ್ಕು ನೋಡಿ ಎಂದು. ಆ ಸಣ್ಣ ಜೀವ, ಯಾರ ಎದುರೂ ದನಿ ಎತ್ತದವಳು, ಸೊಂಟಕ್ಕೆ ಸೆರಗು ಸಿಕ್ಕಿಸಿ ಗೇಟಿನಲ್ಲಿ ನಿಂತಳು. ಸ್ವಂತ ಅಣ್ಣ ತಂದ ಗೊನೆಯನ್ನೂ ಇಳಿಸಿಕೊಳ್ಳಲಿಲ್ಲ. "ಬೈದ್ರೆ ಬೈಲಿ ಕಣಕ್ಕ, ಹೋಗೋ ಮಾನ ನಂದು ತಾನೆ, ಅವರದಲ್ವಲ್ಲ" ಎಂದು ನನಗೆ ಹೇಳಿದಳು. ಕೇಳಿ ನನಗೆ ಆಕೆಯ ಕಾಲು ಹಿಡಿಯಬೇಕೆನ್ನಿಸಿತು.

ಗೌಡರು ಒಂದೇ ದಿನಕ್ಕೆ ಬದಲಾಗಲಿಲ್ಲ. ಮಳೆಗಾಲ ಕಳೆಯಿತು. ರಾಗಿ ತೆನೆ ಕಟ್ಟಿತು. ಒಂದು ಗುರುವಾರ ಮಂಪರಿನಲ್ಲಿದ್ದೆ. ನನ್ನ ಆನೆಗಳು ಆಗತಾನೆ ಇಳಿಯುತ್ತಿದ್ದವು. ಪಕ್ಕದಿಂದ, ನನ್ನನ್ನಲ್ಲ, ಯಾರನ್ನೂ ಅಲ್ಲ ಎಂಬಂತೆ, ಗೌಡರ ದನಿ ಕೇಳಿತು.

"ರಾತ್ರಿ ನಿಮ್ಮೂರ್ ಕಡೀಕೆ ಬಂದಿದ್ದೆ ಟೀಚರಮ್ಮ. ಮೆಟ್ಲು ಮೆಟ್ಲು ಇಳ್ಕಂಡು ಹೋಗೋ ಕೊಳ ಐತಲ್ಲ, ಸುತ್ತ ಪುಟ್ ಪುಟ್ ಗುಡಿ. ಅಲ್ಲಿ ಕುಂತ್ಕಂಡು ಬೊಗಸೇಲಿ ಕುಡುದೆ. ಏನ್ ತಣ್ಣುಗಿತ್ತೂ ಅಂತೀರಾ!"

"ಹುಲಿಕೆರೆ ಕೊಳ ಗೌಡ್ರೇ ಅದು. ನೀವು ಯಾವಾಗ ನೋಡಿದ್ರಿ?"

"ನೋಡಿಲ್ಲ. ನೀವೇ ಹೇಳಿದ್ರಲ್ಲ."

ನಾನು ಕಣ್ಣು ತೆರೆಯಲಿಲ್ಲ. ತೆರೆದರೆ ಕನಸೆಂದು ಗೊತ್ತಾಗಿಬಿಡುತ್ತದೆಯೇನೋ ಎಂದು ಭಯ. ಆನೆಗಳು ಕೆರೆಯ ದಾರಿ ಬಿಟ್ಟು ಹುಲಿಕೆರೆಯ ಕಡೆ ತಿರುಗಿದವು.

ಆಮೇಲಿನ ತಿಂಗಳುಗಳು ಚೆನ್ನಾಗಿದ್ದವು. ಗೌಡರು ಸಿಸ್ಟರಿಗೆ ಕೀಟಲೆ ಮಾಡುವರು, ಹೆಂಡತಿಗೆ ಬೈಯುವರು, ನನ್ನ ಜೊತೆ ಪಂಚಾಯ್ತಿ ಎಲೆಕ್ಷನ್ನಿನ ಮೇಲೆ ಜಗಳ ಕಾಯುವರು. ಹಿತ್ತಲಲ್ಲಿ ಎರಡು ಮಾವಿನ ಸಸಿ ನೆಡಿಸಿದರು. ಕಾಯಿ ಬಿಡಲು ಎಷ್ಟು ವರ್ಷ ಬೇಕು ಗೊತ್ತಾ ಎಂದು ನಾನು ಹಂಗಿಸಿದರೆ, "ನಂಗೇನ್ ಅರ್ಜೆಂಟಿಲ್ಲ" ಅಂದರು. ಆದರೆ ಎದೆ ಮೊದಲೇ ದುರ್ಬಲವಾಗಿತ್ತು, ಅದಕ್ಕೆ ಯಾವ ಮಾತ್ರೆಯೂ ಸಾಲದೆಂದು ಡಾಕ್ಟರುಗಳಿಗೆ ಗೊತ್ತಿತ್ತು. ಶಿವರಾತ್ರಿಗೆ ಮುಂಚಿನ ಒಂದು ಮಂಗಳವಾರ ನಾನು ಒಳಗೆ ಹೋದಾಗ ಪಕ್ಕದ ಮಂಚಕ್ಕೆ ಒಗೆದ ಹೊದಿಕೆ ಹಾಸಿ, ಮಡಿಕೆ ಮುರಿಯದೆ ಇಟ್ಟಿದ್ದರು. ಸಿಸ್ಟರು ನನ್ನ ಮುಖ ನೋಡಲಿಲ್ಲ. ಗೌಡರಿಗೆ ಬೆಳಗಿನ ಜಾವ ಉಸಿರು ಸಿಕ್ಕಿಕೊಂಡಿತ್ತಂತೆ. ಕಾರಿನಲ್ಲಿ ಕರೆತರುವಾಗ ದಾರಿಯಲ್ಲೇ ಆಗಿಹೋಯಿತಂತೆ.

ಎರಡು ದಿನ ಬಿಟ್ಟು ಯಜಮಾನರ ಜೊತೆ ಅವರ ಊರಿಗೆ ಹೋದೆ. ಒಳಕೋಣೆಯಲ್ಲಿ ಗೋಡೆಗೊರಗಿ ಆಕೆ ಕೂತಿದ್ದಳು. ನನ್ನನ್ನು ನೋಡಿದ ಕೂಡಲೇ ಅಳುತ್ತಾಳೆ ಎಂದುಕೊಂಡಿದ್ದೆ. ಅಳಲಿಲ್ಲ. ಕೆಂಪಗಿದ್ದ ಕಣ್ಣನ್ನು ನನ್ನ ಮೇಲೇ ನೆಟ್ಟು ಕೇಳಿದಳು.

"ಆವತ್ತು ಯಾಕಕ್ಕಾ ಆ ಡಾಕ್ಟ್ರುನ್ನ ಕರ್ಸಿದ್ರಿ? ಆವತ್ತೇ ಹೋಗಿದ್ರೆ ಅವ್ರು ನಿದ್ದೆ ಹೋದಂಗೆ ಹೋಗೋರು. ಯಾವ್ ಆಸೇನೂ ಇರ್ಲಿಲ್ಲ, ಯಾವ್ ಸಂಕಟಾನೂ ಇರ್ಲಿಲ್ಲ. ಮೊನ್ನೆ ನೋಡ್ಬೇಕಿತ್ತು ನೀವು. ಗಂಡಸಿಯಿಂದ ಆಚೀಗೆ ದಾರಿಯುದ್ದಕ್ಕೂ 'ಬೇಗ ಹೊಡಿಯೋ, ಇನ್ನೂ ಬೇಗ ಹೊಡಿಯೋ' ಅಂತ ಡ್ರೈವರ್ ಹೆಗಲು ಹಿಡ್ದು ಅಲ್ಲಾಡ್ಸೋರು. ನನ್ ಕೈ ಬಿಡ್ಲಿಲ್ಲ. ನೋಡಿ, ಉಗುರು ಊರಿರೋದು. ಬದುಕ್ಬೇಕು ಬದುಕ್ಬೇಕು ಅಂತ ಇದ್ದೋರ್‌ನ ಕಿತ್ಕೊಂಡು ಹೋದ್ನಲ್ಲಕ್ಕಾ ದ್ಯಾವ್ರು. ಅಷ್ಟೊಂದು ಆಸೆ ಯಾಕ್ ಹುಟ್ಸಿದ್ರಿ ಅವ್ರುಗೆ?"

ಆಕೆ ಹೇಳಿದ್ದು ಸುಳ್ಳಲ್ಲ. ಆದರೆ ಸಾವಿನ ಮನೆಯಲ್ಲಿ ಆಡಬಾರದ ಒಂದು ಮಾತನ್ನು ಇಲ್ಲಿ ಹೇಳಿಬಿಡುತ್ತೇನೆ. ಅದನ್ನು ಕೇಳಿದಾಗ ದುಃಖಕ್ಕಿಂತ ಮೊದಲು ನನಗೆ ಆದದ್ದು ಸಂತೋಷ. ನಾನೇ ಬ್ಯಾಡ ಅಂದಿದ್ದ ಮನುಷ್ಯ ಬದುಕಬೇಕು ಅಂದಿದ್ದರಲ್ಲ ಎಂಬ ಸಂತೋಷ. ಆಕೆಯ ಕೈ ಹಿಡಿದುಕೊಂಡೆ. ಉಗುರಿನ ಗುರುತು ಇನ್ನೂ ಮಾಸಿರಲಿಲ್ಲ.

"ಇನ್ನೊಂದ್ಸಲ ಹೇಳಮ್ಮ," ಎಂದೆ, "ಡ್ರೈವರಿಗೆ ಏನಂದ್ರು?"

ಆಕೆ ನನ್ನನ್ನೇ ನೋಡಿದಳು. ಆಮೇಲೆ ಮೆಲ್ಲಗೆ, ಗಂಡನ ದನಿಯಲ್ಲಿಯೇ, ಮತ್ತೆ ಹೇಳಿದಳು.